ಇಡೀ ಕೈ

ಟವೆಲ್ಲಿನೊಳಗೆ ಎರಡು ಕೈ ಹೊಕ್ಕು ಎಷ್ಟು ಹೊತ್ತಾಗಿತ್ತೆಂದರೆ, ಮುಂದಿಟ್ಟ ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಗಿರಿಮಲ್ಲಪ್ಪ ಸಾವುಕಾರರ ಮುಖದಲ್ಲಿ ಒಂದು ಗೆರೆ ಅಲುಗಿದ್ದರೆ ಕೇಳಿ! ಎದುರು ಕೂತ ಕಾಶಪ್ಪ ಮಾತ್ರ ಒಮ್ಮೆ ಹುಬ್ಬು ಏರಿಸುತ್ತಿದ್ದ, ಒಮ್ಮೆ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. ಕಂಬಕ್ಕೆ ಆನಿಕೊಂಡು ನಿಂತಿದ್ದ ಅವನ ಹೆಂಡತಿ ಬೋರವ್ವ ಗಂಡನ ಹುಬ್ಬನ್ನೇ ಕಾಯುತ್ತಿದ್ದಳು. ಅದು ಏರಿದಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದಳು.

ಜಮಖಂಡಿಯ ಆ ಸೀರೆ ಅಂಗಡಿಯಲ್ಲಿ ಕ್ಯಾಮೆರಾ ಇತ್ತು, ಬಿಲ್ ಮಾಡುವ ಕಂಪ್ಯೂಟರ್ ಇತ್ತು. ಆದರೆ ದೊಡ್ಡ ವ್ಯಾಪಾರವೆಂದರೆ ಸಾವುಕಾರರಿಗೆ ಟವೆಲ್ಲೇ ಬೇಕು. ಅವರ ಅಜ್ಜ ಮುಧೋಳ ಸೀಮೆಯ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಎತ್ತಿನ ದರ ಬಾಯಿಂದ ಆಡಿದರೆ ಎತ್ತಿಗೆ ದೃಷ್ಟಿ, ಪಕ್ಕದವನಿಗೆ ಕಿವಿ ಉದ್ದ. ಅದಕ್ಕೇ ಟವೆಲ್ಲಿನಡಿ ಒಬ್ಬರ ಕೈ ಒಬ್ಬರು ಹಿಡಿಯುವುದು. ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಒಂದು ಬೆರಳೆಂದರೆ ಎಷ್ಟು ಅನ್ನುವುದು ಕೂತ ಇಬ್ಬರಿಗೆ ಗೊತ್ತಿದ್ದರಾಯಿತು. ಇವತ್ತು ಮಾರಾಟಕ್ಕಿದ್ದದ್ದು ಎತ್ತಲ್ಲ, ಅಂಗಳದಲ್ಲಿ ನಿಂತಿದ್ದ ಹಳೇ ಟೆಂಪೊ ಗಾಡಿ. ಅದನ್ನು ಒಡೆದು ಕಬ್ಬಿಣ ಮಾರುವ ಆಸೆಗೆ ಗುಜರಿ ಜಕ್ಕಪ್ಪನೂ ಬಂದು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕಿವಿಗೆ ಬೀಳಬಾರದಲ್ಲ!

ಆ ಗಾಡಿ ಬೋರವ್ವನಿಗೆ ಹೊಸದೇನಲ್ಲ. ರಬಕವಿಯ ಅವರ ಓಣಿಗೆ ಮಂಗಳವಾರಕ್ಕೊಮ್ಮೆ ಬಂದು, ಅವಳು ಕಂಡಕಿಗೆ ನೂಲು ಸುತ್ತಿಕೊಟ್ಟು ಕಾಶಪ್ಪ ನೇಯ್ದ ಸೀರೆಗಳನ್ನು ಹೊಟ್ಟೆತುಂಬ ತುಂಬಿಕೊಂಡು ಕೊಲ್ಲಾಪುರ, ಸೊಲ್ಲಾಪುರ, ಪುಣೆ ಅಂತ ಹೋಗಿಬಿಡುತ್ತಿತ್ತು. ಬೋರವ್ವ ಹೊಸ್ತಿಲ ಮೇಲೆ ನಿಂತು, ಧೂಳು ಅಡಗುವವರೆಗೆ ಅದರ ಬೆನ್ನು ನೋಡುತ್ತಿದ್ದಳು. "ನಮ್ಮ ಸೀರಿ ನೋಡಿದ ಊರ ನಾವು ನೋಡಿಲ್ಲ ನೋಡ್ರಿ" ಅಂತ ನೆರೆಯವರ ಮುಂದೆ ನಗುನಗುತ್ತ ಅನ್ನುತ್ತಿದ್ದಳು. ನಗು ಮೇಲಿನದು, ಒಳಗೆ ಹೊಟ್ಟೆ ಉರಿಯುತ್ತಿತ್ತು.

ನೋಡೋಣವೆಂದರೆ ಕಾಶಪ್ಪನಿಗೆ ಸಕ್ಕರೆ ಕಾಯಿಲೆ, ತಾಸಿಗೊಮ್ಮೆ ಒಂದಕ್ಕೆ ಇಳಿಯಲೇಬೇಕು. ಒಂದು ಸಲ ಬಸ್ಸು ನಿಲ್ಲಿಸೆಂದದ್ದಕ್ಕೆ ಕಂಡಕ್ಟರು ಎಲ್ಲರೆದುರು ಬಾಯಿಗೆ ಬಂದದ್ದು ಅಂದುಬಿಟ್ಟ. ಅಂದಿನಿಂದ ಈ ಮಾನವಂತ ಬಸ್ಸಿನ ಮೆಟ್ಟಿಲು ತುಳಿದಿರಲಿಲ್ಲ. ಹೀಗಿರುವಾಗ ಬನಹಟ್ಟಿಯಲ್ಲಿ ಶಾಲೆಯ ವ್ಯಾನ್ ಓಡಿಸುವ ಮಗಳು ಪೂರ್ಣಿಮಾ ಒಂದು ದಿನ ಫೋನು ತಂದು ಅವ್ವನ ಮೂಗಿನ ಮುಂದೆ ಹಿಡಿದಳು.

"ಯವ್ವಾ, ಇಲ್ಲಿ ನೋಡಬೇ. ಗಾಡಿಯಾಗ ಮನಿ ಮಾಡ್ಯಾರ. ಹಾಸಿಗಿ, ಒಲಿ, ಪಾಯಖಾನಿ ಸೈತ ಒಳಗ ಐತಿ. ಬೇಕಂದಲ್ಲೆ ನಿಲ್ಲಸೂದು, ಬೇಕಂದಲ್ಲೆ ಮಲಗೂದು."

ಬೋರವ್ವ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. ಸಾವುಕಾರರು ಗಾಡಿ ಮಾರುತ್ತಾರೆಂಬ ಸುದ್ದಿ ಬಂದದ್ದೂ ಅದೇ ವಾರ. ಕಾಶಪ್ಪನಿಗೆ ನಿಂತು ಕೆಲಸ ಮಾಡುವುದು ಆಗದೆ ಎರಡೂ ಪವರ್‌ಲೂಮ್ ಮಾರಿದ ದುಡ್ಡು ಹಾಗೇ ಇತ್ತು. ಗಾಡಿಗೆ ಇಷ್ಟು, ಬಡಿಗನಿಗೆ ಇಷ್ಟು ಅಂತ ಅವಳು ಮನಸ್ಸಿನಲ್ಲೇ ಎರಡು ಗಂಟು ಮಾಡಿಟ್ಟಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡೂ ಮಾಡಿ ಮುಗಿಸಿದವಳು ಇನ್ನು ಗಾಡಿಯಲ್ಲಿ ಮನೆ ಕಟ್ಟಿ ನೋಡಲು ಹೊರಟಿದ್ದಳು.

"ಆತು!" ಅಂದ ಕಾಶಪ್ಪ, ಟವೆಲ್ಲಿನೊಳಗೆ ಕೈ ಇದ್ದಂತೆಯೇ.

"ಆತಂದ್ರ ಆತು" ಅಂದರು ಸಾವುಕಾರರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಬೋರವ್ವನಿಗೆ ಉಸಿರು ಬಂತು. ಅವಳು ಹತ್ತಿರ ಸರಿದು, "ಎಷ್ಟಕ್ಕಾತ್ರಿ?" ಅಂತ ಪಿಸುಗುಟ್ಟಿದಳು. "ನಾಕು" ಅಂದ ಕಾಶಪ್ಪ, ಗೆದ್ದವನ ದನಿಯಲ್ಲಿ. ಅವನಿಗೆ ಮಗ್ಗದ ಸದ್ದಿನಲ್ಲಿ ಮಾತಾಡಿ ರೂಢಿ, ಪಿಸುಮಾತು ಅಂದರೂ ಬೀದಿಗೆ ಕೇಳುವಂಥದು.

ಸಾವುಕಾರರು ತಿರುಗಿದರು. "ಏ ಕಾಶಪ್ಪ, ಎಲ್ಲೀ ನಾಕು? ಕಡೀಕ ಇಡೀ ಕೈ ಹಿಡದೇನಲ್ಲೋ. ಇಡೀ ಕೈ ಅಂದ್ರ ಐದು."

"ನೀವು ಹಿಡದದ್ದು ನಾಕ ರೀ."

"ಹೆಬ್ಬೆಟ್ಟ ಕೂಡಿಸಿ ಇಡೀ ಕೈ ಹಿಡದೇನಿ. ಈ ವಯಸ್ಸಿನ್ಯಾಗ ನಾ ಸುಳ್ಳ ಹೇಳ್ಲೇನು?"

ಬಾಗಿಲಲ್ಲಿದ್ದ ಜಕ್ಕಪ್ಪ ಕತ್ತು ಉದ್ದ ಮಾಡಿ ನೋಡಿ ಗೊಳ್ಳೆಂದು ನಕ್ಕುಬಿಟ್ಟ. "ಸಾವುಕಾರ್ರ, ನಿಮ್ಮದೂ ಖರೆ, ಇವಂದೂ ಖರೆ. ಇವನ ಕೈಯಾಗ ಇರೂವ ನಾಕ ಬೆರಳು!"

ಕಾಶಪ್ಪನ ಬಲಗೈ ತಟ್ಟನೆ ಅಂಗಿಯ ಕಿಸೆಗೆ ಹೋಯಿತು. ಬೋರವ್ವನಿಗೆ ಅದು ಗೊತ್ತು. ಕಿರುಬೆರಳು ಹೋದಾಗಿನಿಂದ ಅವನು ನಾಲ್ಕು ಜನರ ಮುಂದೆ ಆ ಕೈ ತೆಗೆಯುತ್ತಿರಲಿಲ್ಲ. ಬೀಗರ ಮನೆಯ ಊಟದಲ್ಲೂ ಬಗ್ಗಿ, ಕೈ ಮರೆಮಾಡಿ ಉಣ್ಣುತ್ತಿದ್ದ. ಇವತ್ತು ಟವೆಲ್ಲಿನೊಳಗೆ ಯಾರಿಗೂ ಕಾಣುವುದಿಲ್ಲ ಅಂತ ಎಷ್ಟು ಧೈರ್ಯದಿಂದ ಚಾಚಿದ್ದನೋ ಏನೋ, ಅದೇ ಕೈ ಈಗ ಎಲ್ಲರ ಮುಂದೆ ಬಯಲಾಯಿತು. ಆ ನಗು ಕೇಳಿ ಬೋರವ್ವನ ಮೈಯೆಲ್ಲ ಉರಿಯಿತು. ಕಂಬ ಬಿಟ್ಟು ಮುಂದೆ ಬಂದಳು.

"ಸಾವುಕಾರ್ರ, ಒಂದ ಮಾತ ಹೇಳ್ತೇನ್ರಿ. ಆ ವರ್ಷ ಲಗ್ನದ ಸುಗ್ಗಿ ಇತ್ತು. ಮಂಗಳವಾರ ಗಾಡಿ ತುಂಬಲೇಬೇಕು ಅಂತ ನೀವು ಹೇಳಿ ಕಳಿಸಿದ್ರಿ. ನಿದ್ದಿಗೆಟ್ಟು ನೇಯೂ ಮುಂದ ಇವರ ಬೆರಳು ಮಗ್ಗದ ಹಲ್ಲಗಾಲ್ಯಾಗ ಹೋತು. ಇವರು ದವಾಖಾನ್ಯಾಗ, ಉಳದ ಸೀರಿ ನಾ ನೇದೇನಿ. ಮಂಗಳವಾರ ನಿಮ್ಮ ಗಾಡಿ ತುಂಬಿ ಕಳಿಸೇವಿ, ಒಂದು ಸೀರಿ ಕಮ್ಮಿ ಮಾಡಿಲ್ಲ. ಐದನೇ ಬೆರಳು ನಿಮಗ ಅವತ್ತ ಮುಟ್ಟೇತ್ರಿ. ಈಗ ನಾಕು ಕೊಟ್ರ ಲೆಕ್ಕ ಚುಕ್ತಾ."

ಅಂಗಡಿಯ ಹುಡುಗಿಯರು ಸೀರೆ ಮಡಚುವುದು ನಿಲ್ಲಿಸಿದರು. ಸಾವುಕಾರರು ಹೆಗಲಿನ ಟವೆಲ್ ತೆಗೆದು ಮಡಚಿಟ್ಟರು.

"ನನಗ ಯಾರೂ ಹೇಳಲಿಲ್ಲವ್ವಾ" ಅಂದರು.

"ನೀವು ಕೇಳಲಿಲ್ರಿ."

"ಖರೆ ಐತಿ. ಕೇಳಲಿಲ್ಲ." ಅವರು ಮೇಜಿನ ಖಾನೆಯಿಂದ ಗಾಡಿಯ ಕೀಲಿ ತೆಗೆದರು. "ಒಯ್ಯವ್ವ. ನಾಕ ಆತು."

ಬೋರವ್ವ ಕೈ ಚಾಚಿದ್ದಳು. ಅಷ್ಟರಲ್ಲಿ ಕಾಶಪ್ಪ ಎದ್ದು ನಿಂತ.

"ಬ್ಯಾಡ್ರಿ. ಐದೂ ಕೊಡ್ತೇವಿ."

"ಏನಂದ್ರಿ?" ಅಂದಳು ಬೋರವ್ವ.

"ಸುಮ್ನಿರಲೇ. ಸಾವುಕಾರ್ರು ಇಡೀ ಕೈ ಹಿಡದಾರ, ನಾ ಆತು ಅಂದೇನಿ. ಟವೆಲ್ ಒಳಗ ಆಡಿದ ಮಾತು ಹೊರಗ ಬಂದು ಬದಲಾಗೂದಿಲ್ಲ. ಮತ್ತ ಇನ್ನೊಂದು." ಅವನು ಸಾವುಕಾರರ ಕಡೆ ತಿರುಗಿ ಕಿಸೆಯಿಂದ ಬಲಗೈ ಹೊರಗೆ ತೆಗೆದ, ಎಲ್ಲರಿಗೂ ಕಾಣುವಂತೆ. "ನಾ ಗಾಡಿ ಕೊಳ್ಳಾಕ ಬಂದೇನಿ. ಬೆರಳು ಮಾರಾಕ ಬಂದಿಲ್ಲ."

ಬನಹಟ್ಟಿಯಿಂದ ಬಂದ ಪೂರ್ಣಿಮಾ ಗಾಡಿ ಓಡಿಸಿದಳು. ಜಮಖಂಡಿಯಿಂದ ರಬಕವಿಯವರೆಗೆ ರಸ್ತೆಯ ಎರಡೂ ಬದಿ ಕಬ್ಬು ನಿಂತಿತ್ತು, ಬೋರವ್ವ ಅದನ್ನು ನೋಡಲಿಲ್ಲ. ಎಷ್ಟೋ ವರ್ಷ ಹೊರಗೆ ನಿಂತು ನೋಡಿದ ಗಾಡಿಯೊಳಗೆ ಕೂತಿದ್ದೇನೆ ಅನ್ನುವ ಸಂತೋಷವನ್ನೂ ಪಡಲಾರದಷ್ಟು ಸಿಟ್ಟು. ಬಡಿಗನ ಗಂಟು ಸಾವುಕಾರರ ಖಾನೆ ಸೇರಿತ್ತು. ಹಾಸಿಗೆ ಇಲ್ಲ, ಕಪಾಟು ಇಲ್ಲ, ಬರೀ ತಗಡಿನ ಡಬ್ಬಿ. ಇದರಲ್ಲಿ ಮಲಗಿ ಕೊಲ್ಲಾಪುರಕ್ಕೆ ಹೋಗುವುದೇ? ಇಷ್ಟಾದರೂ, ಕೈ ಎತ್ತಿ ನಿಂತಿದ್ದ ಗಂಡ ಕಣ್ಣಿಗೆ ಕಟ್ಟಿದಾಗ ಅವಳ ಎದೆ ಉಬ್ಬಿ ಬರುತ್ತಿತ್ತು. ಅದನ್ನು ಮಾತ್ರ ಬಾಯಿಬಿಟ್ಟು ಹೇಳುವ ಗೋಜಿಗೆ ಹೋಗಲಿಲ್ಲ. ಹೇಳಿದರೆ ಏರಿ ಕೂತುಬಿಡುತ್ತಾನೆ!

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಟ್ಟದ ಮೇಲಿಂದ ದಡದಡ ಸದ್ದಾಯಿತು. ಕಾಶಪ್ಪ ಮೈತುಂಬ ಜೇಡರ ಬಲೆ ಮೆತ್ತಿಕೊಂಡು ತನ್ನ ಅಪ್ಪನ ಕೈಮಗ್ಗವನ್ನು ಒಂದೊಂದೇ ತುಂಡಾಗಿ ಇಳಿಸುತ್ತಿದ್ದ. ಪವರ್‌ಲೂಮ್ ಬಂದಮೇಲೆ ಬಿಚ್ಚಿ ಮೇಲಿಟ್ಟದ್ದು. ಹಳೇ ಸಾಗವಾನಿ ಮರ, ಹುಳ ಮುಟ್ಟಿರಲಿಲ್ಲ. ಮಾರೆಂದು ಎಷ್ಟು ಜನ ಕೇಳಿದರೂ ಅವನು ಕೊಟ್ಟಿರಲಿಲ್ಲ.

"ಅದನ್ಯಾಕ ಇಳಸಾಕತ್ತೀರಿ?"

"ಬಡಿಗ್ಯಾ ಯಾಕ ಬೇಕ? ಮಗ್ಗ ಕೂಡಸಾಕ ಬಂದಂವಗ ಮಂಚ ಕೂಡಸಾಕ ಬರೂದಿಲ್ಲೇನು?"

"ಮಾವನ ಮಗ್ಗ ಅದು."

"ಅಪ್ಪ ಅದರ ಕುಣಿಯಾಗ ಕಾಲ ಇಳಿಬಿಟ್ಟು ಕುಂತಲ್ಲೇ ಜಲ್ಮ ಕಳದ. ಅವನ ಕಟಗೀನರ ನಾಕ ಊರ ತಿರಗಲಿ ಬಿಡು."

ಬೋರವ್ವನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ಕೆಲಸದಲ್ಲಿ ಕರಗಿತು. ಓಣಿಯ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಗಂಡಹೆಂಡತಿ ಒಳಗೆ ಹೊಕ್ಕರೆ ಊಟದ ನೆನಪಿಲ್ಲ. ಮಗ್ಗದ ತೊಲೆಗಳು ಮಂಚದ ಕಾಲಾದವು. ಲಾಳಿ ಓಡಿ ಓಡಿ ಕನ್ನಡಿಯಾಗಿದ್ದ ಹಲಗೆ ಮಂಚದ ಅಂಚಾಯಿತು. ಮಿಕ್ಕ ಸೀರೆ ತುಂಡುಗಳನ್ನು ಹೊಲಿದು ಬೋರವ್ವ ಕಿಟಕಿಗೆ ಪರದೆ ಹಾಕಿದಳು. ಹಿಂದಿನ ಮೂಲೆಯಲ್ಲಿ ಔಷಧ ಅಂಗಡಿಯಿಂದ ತಂದ ಕಮೋಡ್ ಕುರ್ಚಿ, ಅದಕ್ಕೂ ಜರಿ ಅಂಚಿನ ಪರದೆ. ಪೂರ್ಣಿಮಾ ಆರ್‌ಟಿಓ ಆಫೀಸಿಗೆ ಓಡಾಡಿ ಕಾಗದಪತ್ರ ಮುಗಿಸಿದಳು. ಸುತ್ತ ಮಗ್ಗಗಳು ಖಟಕ್ ಪಟಕ್ ಅನ್ನುತ್ತಲೇ ಇದ್ದವು. ಅದು ಹಾಗೇ, ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಕೂಸು ಎಚ್ಚೆತ್ತು ಅಳುವ ಓಣಿ ಅದು. ಹೋಗುವವರು ಬರುವವರು ಇಣುಕಿ, "ಏನ ಕಾಶಪ್ಪಣ್ಣ, ಗಾಡಿಯಾಗ ಮಗ್ಗ ಹೂಡೀಯೇನು?" ಅಂತ ಚೇಷ್ಟೆ ಮಾಡುವರು. ಅವನು ಬಲಗೈಯಲ್ಲಿ ಸುತ್ತಿಗೆ ಹಿಡಿದೇ, "ಬಾ, ಒಳಗ ಬಂದು ನೋಡ" ಅನ್ನುವನು. ಆ ಕೈ ಕಿಸೆಗೆ ಹೋಗದೆ ಎಷ್ಟು ದಿನವಾಯಿತೆಂದು ಬೋರವ್ವ ಮಾತ್ರ ಗಮನಿಸಿದ್ದಳು.

ಕೊಲ್ಲಾಪುರಕ್ಕೆ ಹೋಗುವ ಮುಂಚೆ ಒಮ್ಮೆ ಪರೀಕ್ಷೆಗೆಂದು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಹೋದರು. ದಾರಿಯಲ್ಲಿ ಕಾಶಪ್ಪ ಎರಡು ಸಲ ಪರದೆಯ ಹಿಂದೆ ಹೋಗಿ ಬಂದ. ಬೈಯಲು ಯಾವ ಕಂಡಕ್ಟರೂ ಇರಲಿಲ್ಲ. ಹೊಳೆ ತುಂಬಿ ನಿಂತಿತ್ತು. ಜಾಲಿಯ ನೆರಳಲ್ಲಿ ಗಾಡಿ ನಿಲ್ಲಿಸಿ, ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ ಬಿಚ್ಚಿದರು. ಎಮ್ಮೆ ಹೊಡೆದುಕೊಂಡು ಬಂದ ಹೊಳಬಸಪ್ಪ ಎಂಬ ಮುದುಕ ಗಾಡಿಯ ಬದಿಗಿದ್ದ ಅಂಗಡಿಯ ಹೆಸರು ಓದಿ ನಿಂತ.

"ಜಮಖಂಡಿ ಸಾವುಕಾರ್ರ ಗಾಡಿ ಏನ್ರೆವ್ವಾ?"

"ಆಗಿತ್ರಿ. ಈಗ ನಮ್ಮ ಮನಿ" ಅಂದಳು ಬೋರವ್ವ. ಬಾಗಿಲು ಪೂರ್ತಿ ತೆರೆದಳು. "ಒಳಗ ನೋಡ್ರಿ. ಎಲ್ಲಾ ನಮ್ಮ ಮನಿಯವರು ಕೈಲೆ ಮಾಡ್ಯಾರ. ಒಂದು ಮೊಳಿ ಸೈತ ಬ್ಯಾರೇದವರು ಹೊಡದಿಲ್ಲ."

ಮುದುಕ ಒಳಗೆ ಇಣುಕಿ ಹಲಗೆ ಸವರಿದ. "ಭಾಳ ಛಲೋ ಐತ್ರಿ" ಅಂದವನು ಹೊಳೆಯ ಕಡೆ ಕೈ ತೋರಿಸಿದ. "ಈ ಬ್ಯಾರೇಜನೂ ನಾವ ರೈತರು ಕೂಡಿ ಕಟ್ಟಿದ್ರಿ. ನಾನೂ ಕಲ್ಲು ಹೊತ್ತೇನಿ." ಕಾಶಪ್ಪ ಬಲಗೈಯಲ್ಲೇ ರೊಟ್ಟಿ ಎತ್ತಿ ಅವನಿಗೆ ಕೊಟ್ಟ. ಇಬ್ಬರೂ ಉಣ್ಣುತ್ತ ಒಬ್ಬರ ಕೆಲಸವನ್ನು ಒಬ್ಬರು ಹೊಗಳಿಕೊಂಡರು. ಇಂಥ ಹೊಗಳಿಕೆಗೆ ಬೋರವ್ವ ಒಂದು ರೊಟ್ಟಿ ಹೆಚ್ಚೇ ಉಂಡಳು.

ಮುದುಕ ಹೋದ. ಪೂರ್ಣಿಮಾ ನೀರಿನ ಕಡೆ ಇಳಿದಳು. ಗಂಡಹೆಂಡತಿ ಹೊಸ ಮಂಚದ ಮೇಲೆ ಮೈಚಾಚಿದರು. ಗಾಳಿಗೆ ಪರದೆ ಆಡುತ್ತಿತ್ತು, ಹೊಟ್ಟೆ ತುಂಬಿತ್ತು, ಆದರೂ ಬೋರವ್ವನಿಗೆ ಕಣ್ಣು ಹತ್ತಲೊಲ್ಲದು. ಆ ಮಗ್ಗುಲು ಈ ಮಗ್ಗುಲು ಹೊರಳಿದಳು.

"ಯಾಕ, ಚುಚ್ಚತೈತೇನು?"

"ಇಲ್ರಿ. ಮಗ್ಗದ ಸಪ್ಪಳ ಇಲ್ಲ ನೋಡ್ರಿ. ಕಿವಿ ಬಿಕೋ ಅನ್ನಾಕತ್ತಾವು."

ಕಾಶಪ್ಪ ಕಣ್ಣು ಮುಚ್ಚಿಕೊಂಡೇ ಬಲಗೈಯನ್ನು ಅಪ್ಪನ ಹಲಗೆಯ ಮೇಲಿಟ್ಟು ಮೆಲ್ಲಗೆ ಬಡಿಯತೊಡಗಿದ. ಖಟಕ್ ಪಟಕ್. ಖಟಕ್ ಪಟಕ್. ಬೋರವ್ವನ ಉಸಿರು ನಿಧಾನವಾಯಿತು, ಬಾಯಿ ತುಸು ತೆರೆಯಿತು. ಅವಳಿಗೆ ನಿದ್ದೆ ಹತ್ತಿದಮೇಲೂ ಆ ನಾಲ್ಕು ಬೆರಳು ನಿಲ್ಲಲಿಲ್ಲ.