ಒಬ್ಬರಿಗೇ ಮೀಸಲು

ಡ್ರಿಲ್ ಮೇಷ್ಟ್ರಿಗೆ ಗೊಣಗುವುದೆಂದರೆ ಊಟದಷ್ಟೇ ಇಷ್ಟ. ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿಯೇ ನಿವೃತ್ತರಾದ ಮನುಷ್ಯ. ಸೀಟಿ ಬಿಟ್ಟರೂ ಬಾಯಿ ಬಿಡಲಿಲ್ಲ. ಪಾರ್ಶ್ವವಾಯು ಸಣ್ಣಗೆ ಬಡಿದು ಆಸ್ಪತ್ರೆ ಸೇರಿದಾಗ ಕೂಡ ಎಡಗಾಲು ಸೋತಿತೇ ಹೊರತು ನಾಲಿಗೆ ಸೋಲಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಜಾತಿ. ಜನರಲ್ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿ ಫ್ಯಾನನ್ನು ಬೈದರು, ಊಟದ ಉಪ್ಪನ್ನು ಬೈದರು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಹಾಸಿಗೆಯವನನ್ನು ಬೈದರು.

ಆತ ಲಾರಿ ಡ್ರೈವರ್. ತೊಡೆ ಮುರಿದು, ಸೊಂಟದವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಅಂಗಾತ ಬಿದ್ದಿದ್ದ. ಕಣ್ಣು ಮುಚ್ಚಿದರೆ ಸಾಕು, ಗೊರಕೆ. ಮೇಷ್ಟ್ರು ಅವನಿಗೆ ಗೊರಕೆಯಪ್ಪ ಅಂತ ಹೆಸರಿಟ್ಟು, ಎದುರಿಗೇ ಹಾಗೆ ಕರೆಯುತ್ತಿದ್ದರು.

"ಏನಯ್ಯಾ ಗೊರಕೆಯಪ್ಪ, ರಾತ್ರಿ ಯಾವ ಗುಡ್ಡ ಹತ್ತಿಸ್ತಿದ್ದೆ? ಗೇರ್ ಹಾಕೋ ಸದ್ದು ಇಲ್ಲಿಗೂ ಕೇಳ್ತು."

"ನೀವೇನು ಕಮ್ಮಿ ಮೇಷ್ಟ್ರೇ? ನಿದ್ದೇಲೂ ಎಡಗಾಲು ಬಲಗಾಲು ಅಂತಿದ್ರಿ."

ಇಬ್ಬರ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೇಷ್ಟ್ರ ಮಗಳು ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಓದುತ್ತಿದ್ದಳು. ಬೇರೆಯವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ಅವಳಿಗೆ ಕೆಲಸ. ದೂರು ಬಂದರೆ ಕಾರಣ ಹುಡುಕಬೇಕು, ಪರಿಹಾರ ಕೊಡಬೇಕು, ದೂರು ಮುಚ್ಚಬೇಕು. ಈಗ ಎಲ್ಲವೂ ಕ್ಲೌಡಿಗೆ ಹೋಗುತ್ತಿದೆ, ಸರ್ಟಿಫಿಕೇಟ್ ಪರೀಕ್ಷೆ ಪಾಸಾದವರಿಗೆ ಮಾತ್ರ ತಂಡದಲ್ಲಿ ಜಾಗ ಅಂತ ಮೇಲಿನವರು ಹೇಳಿಬಿಟ್ಟಿದ್ದರು. ಒಮ್ಮೆ ಅಪ್ಪನ ಕಾಯಿಲೆಯ ನೆಪದಲ್ಲಿ ಮುಂದೂಡಿಸಿಕೊಂಡಿದ್ದಾಯಿತು. ಇನ್ನು ನೆಪಕ್ಕೆ ಜಾಗವಿರಲಿಲ್ಲ.

"ಅದೇನಮ್ಮ ಅಷ್ಟು ಹೊತ್ತಿಂದ ಗುನುಗ್ತಿದೀಯ?"

"ಕ್ಲೌಡ್ ಅಂತಾರಲ್ಲಪ್ಪ, ಅದು. ನಮ್ಮ ಕೆಲಸಾನ ದೂರದಲ್ಲಿರೋ ಇನ್ಯಾರದೋ ಯಂತ್ರದಲ್ಲಿ ಮಾಡಿಸೋದು. ಅದರಲ್ಲಿ ಎರಡು ಥರ. ಒಂದು ಹಂಚಿಕೊಳ್ಳೋದು. ಯಂತ್ರ ಒಂದೇ, ಗಿರಾಕಿಗಳು ಹತ್ತಾರು, ನಡುವೆ ಗೋಡೆ ಇದ್ದ ಹಾಗೆ. ಇವರದ್ದು ಅವರಿಗೆ ಕಾಣಲ್ಲ. ಇನ್ನೊಂದು ಮೀಸಲು. ಇಡೀ ಯಂತ್ರ ಒಬ್ಬರಿಗೇ."

"ಹಂಚಿಕೊಂಡ್ರೆ ಗಂಟೇನು ಹೋಗುತ್ತೆ?"

"ಪಕ್ಕದವನು ಯಂತ್ರಾನ ಜಾಸ್ತಿ ದುಡಿಸಿದ್ರೆ ನಮ್ಮ ಕೆಲಸ ನಿಧಾನ ಆಗಬಹುದು. ಗದ್ದಲದ ನೆರೆಯವನು ಅಂತಾನೇ ಅದಕ್ಕೆ ಹೆಸರು."

ಮೇಷ್ಟ್ರ ಮುಖ ಅರಳಿತು. "ಕೇಳಿದ್ಯೇನಯ್ಯಾ, ನಿನ್ನ ಮೇಲೆ ಪಾಠಾನೇ ಬರೆದಿದಾರೆ!"

ಗೊರಕೆಯಪ್ಪ ಪ್ಲಾಸ್ಟರ್ ಅಲುಗಾಡುವ ಹಾಗೆ ನಕ್ಕ. ಅಲ್ಲಿಯವರೆಗೆ ಕಬ್ಬಿಣದ ಕಡಲೆಯಾಗಿದ್ದ ಪಾಠ ಅವಳಿಗೆ ಅವತ್ತು ತಲೆಗೆ ಹತ್ತಿತು. ಒಂದೇ ಒಂದು ಅಭ್ಯಾಸದ ಪ್ರಶ್ನೆ ಮಾತ್ರ ಪದೇ ಪದೇ ಕೈಕೊಡುತ್ತಿತ್ತು. ಮೀಸಲು ಯಂತ್ರ ಕೆಟ್ಟು ನಿಂತೀತು, ಅದಕ್ಕೆ ಬದಲಿ ಏರ್ಪಾಡನ್ನು ಮೊದಲೇ ಯೋಚಿಸಬೇಕಾದವರು ಯಾರು? ಕ್ಲೌಡ್ ಕಂಪನಿಯವರು ಅಂತ ಅವಳು ಗುರುತು ಹಾಕುವುದು, ತಪ್ಪು ಅಂತ ಕೆಂಪಕ್ಷರ ಬರುವುದು. ಸರಿಯುತ್ತರ, ಗಿರಾಕಿ. ಒಂಟಿ ಯಂತ್ರ ಬೇಕೆಂದು ಕೇಳಿ ಪಡೆದವನೇ ಅದು ಬಿದ್ದರೆ ಏನು ಗತಿ ಅಂತಲೂ ನೋಡಿಕೊಂಡಿರಬೇಕು.

ಮರುದಿನ ಅವಳು ನೀರು ತರಲು ಹೋದಾಗ ಮೇಷ್ಟ್ರ ಡ್ರಿಪ್ ಬಾಟಲಿ ಖಾಲಿಯಾಯಿತು. ಮೇಷ್ಟ್ರಿಗೆ ಜೊಂಪು. "ಸಿಸ್ಟರ್! ಮೇಷ್ಟ್ರ ಬಾಟ್ಲಿ ಖಾಲಿ! ಯಾರಿದೀರಿ ಅಲ್ಲಿ?" ಅಂತ ಗೊರಕೆಯಪ್ಪ ಹಾಕಿದ ಕೂಗಿಗೆ ಇಡೀ ವಾರ್ಡ್ ಎದ್ದು ಕೂತಿತು. ನರ್ಸ್ ಓಡಿ ಬಂದಳು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕೇಳಿಸಿದ್ದು ಗದ್ದಲ ಮಾತ್ರ.

ಅವತ್ತೇ ಸಂಜೆ ಡಾಕ್ಟರು ರಕ್ತದೊತ್ತಡ ನೋಡಿ, ಚೆನ್ನಾಗಿ ನಿದ್ದೆ ಮಾಡಬೇಕು ಅಂದರು. "ಇವನ ಪಕ್ಕ ಮಲಗಿದ್ರೆ ನಿದ್ದೆ ಎಲ್ಲಿಂದ ಬರುತ್ತೆ ಸ್ವಾಮಿ?" ಅಂದರು ಮೇಷ್ಟ್ರು, ವಾಡಿಕೆಯಂತೆ. ಅವರಿಗೆ ಅದು ಮಾತು. ಮಗಳಿಗೆ ಅದು ದೂರು. ಕಾರಣ ಗೊತ್ತಿತ್ತು, ಪರಿಹಾರ ಪಾಠದಲ್ಲೇ ಇತ್ತು. ಕಂಪನಿಯ ವಿಮೆಯಲ್ಲಿ ಸ್ಪೆಷಲ್ ರೂಮಿಗೆ ಅವಕಾಶವೂ ಇತ್ತು.

ರೂಮಿಗೆ ಸಾಗಿಸಲು ತಳ್ಳುಗಾಡಿ ಬಂದಾಗ ಮೇಷ್ಟ್ರು ಗಲಿಬಿಲಿಗೊಂಡರು.

"ನಾನು ಸುಮ್ನೆ ಅಂದಿದ್ದು ಕಣೇ."

"ನಿಂಗೆ ನಿದ್ದೆ ಬೇಕಪ್ಪ."

"ಹೋಗಿ ಬನ್ನಿ ಮೇಷ್ಟ್ರೇ, ಇನ್ನು ನಿಮ್ಮ ಕಿವಿಗೆ ರಜಾ," ಅಂದ ಗೊರಕೆಯಪ್ಪ. ಮೇಷ್ಟ್ರು ಕುತ್ತಿಗೆ ತಿರುಗಿಸಿ ಅವನತ್ತಲೇ ನೋಡುತ್ತ ಹೋದರು.

ಸ್ಪೆಷಲ್ ರೂಮ್ ಕಾರಿಡಾರಿನ ತುದಿಗಿತ್ತು. ದಪ್ಪ ಬಾಗಿಲು, ತೊಳೆದ ಪರದೆ, ತಲೆಯ ಹತ್ತಿರ ವೈರಿಗೆ ನೇತುಬಿದ್ದ ಕರೆಗಂಟೆ. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮೇಷ್ಟ್ರು ಗೋಡೆ ನೋಡುತ್ತ ಮಲಗಿದರು. ಊಟದಲ್ಲಿ ಉಪ್ಪೇ ಇರಲಿಲ್ಲ, ಅದನ್ನೂ ಹೇಳದೆ ತಿಂದರು. ಗೊಣಗದ ಅಪ್ಪನನ್ನು ನೋಡಿ ಹೆದರಬೇಕಿತ್ತು ಆ ಹುಡುಗಿ. ನೆಮ್ಮದಿಪಟ್ಟಳು. ದೂರು ಮುಚ್ಚಿತ್ತಲ್ಲ.

ಪರೀಕ್ಷೆಯ ಬೆಳಿಗ್ಗೆ ಕರೆಗಂಟೆಯನ್ನು ಅಪ್ಪನ ಕೈಗೆ ಹತ್ತಿರ ಇಟ್ಟಳು. "ಒಬ್ಬನೇ ಏಳಬೇಡ. ಚಿಕ್ಕಮ್ಮ ಇನ್ನೇನು ಬರ್ತಾಳೆ."

"ಬಾಗಿಲು ತೆಗೆದಿಟ್ಟು ಹೋಗೇ. ಜನ ಓಡಾಡೋದಾದ್ರೂ ಕಾಣಲಿ."

"ಗಲಾಟೆ ಅಪ್ಪ. ಸ್ವಲ್ಪ ಮಲಗು," ಅಂತ ಹೊರಗೆ ಬಂದು ತಾನೇ ಬಾಗಿಲೆಳೆದುಕೊಂಡಳು.

ಪರೀಕ್ಷಾ ಕೇಂದ್ರದಲ್ಲಿ ಫೋನು, ವಾಚು ಎಲ್ಲ ಲಾಕರಿಗೆ ಹೋದವು. ಪ್ರಶ್ನೆಗಳು ಒಂದೊಂದಾಗಿ ಬಂದವು. ಪದೇ ಪದೇ ಕೈಕೊಟ್ಟಿದ್ದ ಆ ಪ್ರಶ್ನೆಯೂ ಬಂತು, ಮಾತು ಸ್ವಲ್ಪ ಬದಲಾಗಿತ್ತು ಅಷ್ಟೆ. ಈ ಸಲ ಅವಳು ಎಡವಲಿಲ್ಲ. ಗಿರಾಕಿ ಅಂತ ಗುರುತು ಹಾಕಿ, ತನ್ನಷ್ಟಕ್ಕೆ ಸಣ್ಣಗೆ ನಕ್ಕಳು. ಕೊನೆಗೆ ಪರದೆಯ ಮೇಲೆ ಪಾಸ್ ಅಂತ ಮೂಡಿತು. ಲಾಕರ್ ತೆಗೆದಾಗ ಫೋನಿನ ತುಂಬ ಚಿಕ್ಕಮ್ಮನ ಕರೆಗಳು.

ಚಿಕ್ಕಮ್ಮನಿಗೆ ಬಸ್ಸು ತಪ್ಪಿ ತಡವಾಗಿತ್ತು. ಆಕೆ ಬಂದು ಬಾಗಿಲು ತಳ್ಳಿದಾಗ ಮೇಷ್ಟ್ರು ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲಿದ್ದರು. ಕರೆಗಂಟೆ ಮಂಚದ ಹಿಂದಕ್ಕೆ ಜಾರಿ ತೂಗುತ್ತಿತ್ತು. ಮುಚ್ಚಿದ ಬಾಗಿಲು ನೋಡಿ, ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂದುಕೊಂಡು ನರ್ಸ್ ಮುಂದೆ ಹೋಗಿದ್ದಳಂತೆ. ಎಷ್ಟು ಹೊತ್ತಿಂದ ಬಿದ್ದಿದ್ದರು ಅಂತ ಡಾಕ್ಟರು ಒಬ್ಬೊಬ್ಬರನ್ನೇ ಕೇಳಿದರು. "ಪಾರ್ಶ್ವವಾಯು ಮತ್ತೆ ಬಡಿದಾಗ ಹೊತ್ತೇ ಮುಖ್ಯ," ಅಂದರು.

ಜೀವ ಉಳಿಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಐಸಿಯುನಿಂದ ಹೊರಗೆ ಬಿಡುವ ದಿನ, ಸ್ಪೆಷಲ್ ರೂಮ್ ಖಾಲಿ ಇದೆ ಅಂದರು. ಬೇಡ, ಜನರಲ್ ವಾರ್ಡ್ ಕೊಡಿ ಅಂದಳು ಮಗಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಿಟಕಿ ಪಕ್ಕದ ಅದೇ ಹಾಸಿಗೆ ಸಿಕ್ಕಿತು. ಗೊರಕೆಯಪ್ಪ ಇನ್ನೂ ಅಲ್ಲೇ ಅಂಗಾತ ಬಿದ್ದಿದ್ದ. ಸೊಟ್ಟಗಾದ ಮೇಷ್ಟ್ರ ಬಾಯಿಯನ್ನು ಬಹಳ ಹೊತ್ತು ನೋಡಿದ.

"ಇಲ್ಲಿದ್ದಿದ್ರೆ ಒಂದು ಕೂಗು ಹಾಕ್ತಿದ್ದೆ ತಾಯಿ," ಅಂದ. ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಅವಳು ತಲೆ ತಗ್ಗಿಸಿ ಅಪ್ಪನ ಹೊದಿಕೆ ಸರಿಮಾಡತೊಡಗಿದಳು.

ಮಧ್ಯಾಹ್ನ ವಾರ್ಡೆಲ್ಲ ತೂಕಡಿಸಿದರೂ ಗೊರಕೆಯಪ್ಪ ಕಣ್ಣು ಮುಚ್ಚಲಿಲ್ಲ. ರೆಪ್ಪೆ ಎಳೆದಾಗಲೆಲ್ಲ ತುಟಿ ಕಚ್ಚಿಕೊಂಡು ಎಚ್ಚರಾಗುತ್ತಿದ್ದ. ಗೊರಕೆ ಬರಬಾರದೆಂದೇ ಅವನು ಹಾಗೆ ಮಾಡುತ್ತಿದ್ದಾನೆಂದು ತಿಳಿದಾಗ ಅವಳು ಅವನತ್ತ ತಿರುಗಿದಳು.

"ಮಲಕ್ಕೊಳ್ಳಿ ಅಣ್ಣ, ಪರವಾಗಿಲ್ಲ."

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಅವಳು ಸ್ಟೂಲನ್ನು ಅಪ್ಪನ ತಲೆಯ ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ ಅವರ ತುಟಿಯನ್ನೇ ನೋಡುತ್ತ ಕೂತಳು. ಮೇಷ್ಟ್ರ ಕಣ್ಣು ತೆರೆದೇ ಇತ್ತು.

"ಬೈಯಪ್ಪ," ಅಂದಳು. "ಒಂದು ಸಲ ಬೈಯಿ."

ಪಕ್ಕದಲ್ಲಿ ಲಾರಿ ಗುಡ್ಡ ಹತ್ತುತ್ತಲೇ ಇತ್ತು.