ಸೊಪ್ಪು ತಿನ್ನುವ ಬಾಡಿಗೆದಾರ

ಮೊಣಕಾಲಿನ ಆಪರೇಷನ್ ಆದ ಮೇಲೆ ತನ್ನ ಮನೆಯ ಮೆಟ್ಟಿಲು ಹತ್ತಲಾಗದೆ ಅಕ್ಕ ತಮ್ಮನ ಮನೆಗೆ ಬಂದಳು. ಹೆರಿಗೆ ವಾರ್ಡಿನ ನರ್ಸಾಗಿ ದೊಡ್ಡ ದೊಡ್ಡ ಡಾಕ್ಟರುಗಳನ್ನೂ ಹದ್ದುಬಸ್ತಿನಲ್ಲಿಟ್ಟವಳು, ಈಗ ಮುಂದಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಬಿದ್ದಿರಬೇಕಾಯಿತು. ಆ ಕೋಣೆಯ ಅರ್ಧವನ್ನು ಆಗಲೇ ಒಂದು ಅಕ್ವೇರಿಯಂ ನುಂಗಿಹಾಕಿತ್ತು.

ಅದರೊಳಗಿದ್ದದ್ದು ಬೀಗ ರಿಪೇರಿ ಮಾಡುವ ತಮ್ಮನ ಮುದ್ದಿನ ಮೀನು. ಯಾವುದೋ ದೂರದ ನದಿಯ ಅಪರೂಪದ ಜಾತಿ. ಅಂಗೈಯಗಲ ಇದ್ದಾಗ ತಂದದ್ದು ಈಗ ಊಟದ ತಟ್ಟೆಯಷ್ಟಾಗಿತ್ತು. ಹುಳಹುಪ್ಪಟೆ ಮೂಸಿಯೂ ನೋಡದು. ಬರೀ ಸೊಪ್ಪು, ಹಣ್ಣು. ಚೆಂದಕ್ಕೆಂದು ನೆಟ್ಟಿದ್ದ ನೀರುಗಿಡಗಳನ್ನೆಲ್ಲ ಬೇರುಸಮೇತ ಮುಗಿಸಿತ್ತು.

"ಬಾಡಿಗೆದಾರ ಇರೋ ಕೋಣೆನ ನನಗೆ ಕೊಟ್ಟಿದೀಯಲ್ಲೋ," ಎಂದು ಅಕ್ಕ ಗೊಣಗಿದಳು.

ಆದರೆ ಅವಳು ಬಂದಂದಿನಿಂದ ಮೀನು ಊಟ ಬಿಟ್ಟಿತು. ಮರದ ಕೊರಡಿನ ಹಿಂದೆ ಸೇರಿದ್ದು ಹೊರಗೆ ಬರಲೇ ಇಲ್ಲ. ಹಾಕಿದ ಸೌತೆಕಾಯಿ ಹಾಗೆಯೇ ಕೊಳೆಯಿತು. ತಮ್ಮ ನೀರು ಬದಲಿಸಿದ, ಮೀನಿನಂಗಡಿಯವನಿಗೆ ಮತ್ತೆ ಮತ್ತೆ ಫೋನ್ ಮಾಡಿದ, ಕೊನೆಗೆ ತಾನೂ ಸರಿಯಾಗಿ ಉಣ್ಣದಾದ.

ಅಕ್ಕನಿಗೆ ತಡೆಯಲಾಗಲಿಲ್ಲ. ಅವಳಿದ್ದ ವಾರ್ಡಿನಲ್ಲಿ ಊಟ ಬಿಟ್ಟು ಕೂತವರು ಯಾರೂ ಇರಲಿಲ್ಲ. ಕುರ್ಚಿಯನ್ನು ಗಾಜಿನ ಎದುರಿಗೆ ಎಳೆಸಿಕೊಂಡು, ರೋಗಿಯನ್ನು ನೋಡುವ ಹಾಗೆ ನೋಡುತ್ತ ಕೂತಳು. ಸುಮ್ಮನೆ ಕೂತಿದ್ದರೆ ಅದು ಮೂತಿ ಹೊರಹಾಕುತ್ತಿತ್ತು. ಅವಳು ವಾಕರ್ ಹಿಡಿದು ಎದ್ದು ಹೆಜ್ಜೆ ಇಟ್ಟರೆ ನೆಲ ದಢದಢ ಅನ್ನುತ್ತಿತ್ತು, ಮೀನು ಚಂಗನೆ ಕೊರಡಿನ ಹಿಂದೆ.

"ನಿನ್ನ ಹಳೇ ಕಾಲುಚೀಲ ತಗೊಂಬಾ," ಎಂದಳು ತಮ್ಮನಿಗೆ. "ಇದಕ್ಕೆ ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ನನಗೇ ಹೆದರ್ಕೊಂಡಿದೆ ಪಾಪ."

ವಾಕರಿನ ಕಾಲುಗಳಿಗೆಲ್ಲ ಕಾಲುಚೀಲ ತೊಡಿಸಿ ಬಿಗಿಯಾಗಿ ಕಟ್ಟಿದರು. ಮರುದಿನ ಮೀನು ನಿಧಾನವಾಗಿ ಹೊರಬಂದು ಪಾಲಕ್ ಎಲೆಯೊಂದನ್ನು ಎಳೆದುಕೊಂಡಿತು. ಅದು ಎಲೆ ಮುಗಿಸಿ ದಂಟಿಗೆ ಬಾಯಿ ಹಾಕುವುದನ್ನು ಅಕ್ಕ ತಮ್ಮ ಇಬ್ಬರೂ ನೋಡುತ್ತ ಕೂತರು. ವಾರ ಕಳೆಯುವಷ್ಟರಲ್ಲಿ ಅಕ್ಕನ ಕೈಯಿಂದಲೇ ತಿನ್ನುವ ಸಲಿಗೆ ಬಂತು.

ಅಕ್ಕನ ಕಾಲು ವಾಸಿಯಾಯಿತು. ಮೀನು ಇನ್ನಷ್ಟು ಬೆಳೆದು, ತಿರುಗಲು ಹೋದರೆ ಬಾಲ ಗಾಜಿಗೆ ತಗಲತೊಡಗಿತು. ದೊಡ್ಡ ಕೊಳವಿದ್ದವರು ಕೇಳುತ್ತಿದ್ದಾರೆ, ಕೊಟ್ಟುಬಿಡಲೇ ಎಂದು ತಮ್ಮ ಬೇಸರದಿಂದಲೇ ಕೇಳಿದ.

"ನಾನು ನಾಳೆ ನಮ್ಮನೆಗೆ ಹೊರಟೆ," ಎಂದಳು ಅಕ್ಕ. "ಮಂಚ ತೆಗಿ. ಗೋಡೆಯಿಂದ ಗೋಡೆಗೆ ತೊಟ್ಟಿ ಮಾಡ್ಸು."

ಹೊಸ ತೊಟ್ಟಿಗೆ ಮೀನನ್ನು ಬಿಟ್ಟ ದಿನ ಅವಳು ಒಂದು ಕಟ್ಟು ಸೊಪ್ಪು ಹಿಡಿದು ಬಂದಳು. ಮೀನು ಮೊದಲು ಮೂಲೆಯಲ್ಲೇ ನಿಂತಿತು. ಆಮೇಲೆ ಈ ತುದಿಯಿಂದ ಆ ತುದಿಗೆ ಸಾವಕಾಶ ಈಜಿ, ಎಲ್ಲಿಯೂ ತಗಲದೆ ಹೊರಳಿ ಬಂತು. ತಮ್ಮ ಏನೋ ಹೇಳುತ್ತಿದ್ದ. ಅಕ್ಕ ಸುಮ್ಮನಿರು ಎಂಬಂತೆ ಅವನ ತೋಳು ಹಿಡಿದು ನೋಡುತ್ತಲೇ ನಿಂತಳು.