ಸರಳಾ ಮಾಡಿದ ಕೀಲು

ಚಿಕ್ಕಜಾಲದಲ್ಲಿ ಏರ್‌ಪೋರ್ಟ್ ರಸ್ತೆಯಿಂದ ಒಳಗೆ ತಿರುಗಿದರೆ ಟೈರ್ ಅಂಗಡಿಯ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನುಗಳಿಗೆ ಅಲ್ಯೂಮಿನಿಯಂ ಕೀಲು ಮಾಡಿಕೊಡುವುದು ಅಲ್ಲಿನ ಕೆಲಸ. ಡ್ರೋನಿನ ತೋಳುಗಳನ್ನು ಮಡಚಿ ಗಾಡಿಯಲ್ಲಿಟ್ಟು, ಹೊಲ ತಲುಪಿದ ಮೇಲೆ ಮತ್ತೆ ಬಿಡಿಸುವುದಕ್ಕೆ ಈ ಕೀಲು ಬೇಕು. ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಆದರೆ ಅದರಲ್ಲಿ ಪಿನ್ನು ಕೂರುವ ತೂತು ಕೂದಲೆಳೆಯಷ್ಟು ಹೆಚ್ಚು ದೊಡ್ಡದಾದರೂ ತೋಳು ನಡುಗುತ್ತದೆ.

ಶೆಡ್ಡು ಶುರುಮಾಡಿದವನು ಶಿವರಾಮ್. ಒಂದು ಬೆಳಿಗ್ಗೆ ಎದೆನೋವು ಅಂದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅವನ ಹೆಂಡತಿ ಸರಳಾ ಆವರೆಗೆ ಅಲ್ಲಾಳಸಂದ್ರದ ಮನೆಯಿಂದ ಊಟದ ಡಬ್ಬಿ ತರಲು ಮಾತ್ರ ಶೆಡ್ಡಿಗೆ ಬರುತ್ತಿದ್ದವಳು. ಮೈದುನ ಅನಂತರಾಜು ಮನೆ ಕಟ್ಟಿಸಿ ಮಾರುವವನು. "ಯಾಕತ್ತಿಗೆ ನಿಮಗೆ ಈ ಕಷ್ಟ? ಶೆಡ್ ಬಾಡಿಗೆಗೆ ಬಿಟ್ಬಿಡಿ, ಮನೇಲಿ ಆರಾಮಾಗಿರಿ" ಅಂದ. ಮನೆಯಲ್ಲಿ ಯಾರ ಜೊತೆ ಆರಾಮಾಗಿರುವುದು ಎಂದು ಸರಳಾ ಕೇಳಲಿಲ್ಲ. ಹದಿನೈದನೆಯ ದಿನ ಕಳೆದ ಮೇಲೆ ಶೆಡ್ಡಿನ ಬಾಗಿಲು ತೆಗೆದಳು.

ಶಿವರಾಮ್ ಜೊತೆ ಮೊದಲಿಂದ ಇದ್ದ ಗುಲಾಮ್ ರಸೂಲ್ ಅವಳಿಗೆ ಕೆಲಸ ಕಲಿಸಿದ. ಅಲ್ಯೂಮಿನಿಯಂ ಬಿಲ್ಲೆಯನ್ನು ಮೆಷಿನ್ನಿನ ವೈಸ್‌ಗೆ ಕಚ್ಚಿಸುವುದು, ಟೂಲು ಸವೆದಾಗ ಬದಲಾಗುವ ಸದ್ದು ಹಿಡಿಯುವುದು, ಮೈಕ್ರೋಮೀಟರನ್ನು ಒತ್ತದೆ ಓದುವುದು. "ಅಲ್ಯೂಮಿನಿಯಂ ಮೆದು ಬೇಟಿ, ಬಿಸಿಯಾದ್ರೆ ಉಬ್ಬುತ್ತೆ. ಆರೋಕೆ ಬಿಡಿ, ಆಮೇಲೆ ಅಳೀರಿ" ಅನ್ನುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಅವನಿಗೆ ಕಣ್ಣು ಮಂಜಾಯಿತು; ಹಿಂದೂಪುರದಲ್ಲಿರುವ ಮಗಳ ಮನೆಗೆ ಹೋದ.

ಆಮೇಲೆ ಶೆಡ್ಡಿನಲ್ಲಿ ಸರಳಾ ಒಬ್ಬಳೇ. ಮೆಷಿನ್ನಿನ ಗಾಜಿನ ಬಾಗಿಲಾಚೆ ಟೂಲನ್ನು ತಣ್ಣಗಿಡುವ ಹಾಲಿನಂಥ ಕೂಲೆಂಟು ಸುರಿಯುತ್ತಿರುತ್ತಿತ್ತು, ತಲೆಯ ಮೇಲೆ ವಿಮಾನಗಳು ಇಳಿಯುತ್ತಿರುತ್ತಿದ್ದವು. ಕೀಲು ತುಂಬಿದ ಡಬ್ಬ ಒಯ್ಯಲು ಬರುವ ಡ್ರೋನ್ ಕಂಪನಿಯ ವ್ಯಾನ್ ಡ್ರೈವರ್ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ತಲೆಯಾಡಿಸಿ ಹೋಗುತ್ತಿದ್ದ. ಸಂಜೆ ಸೊಪ್ಪು ಕೊಳ್ಳಲು ನಿಂತಾಗ ಅವಳ ಬಾಯಿಂದ ದಿನದ ಮೊದಲ ಮಾತು ಬರುತ್ತಿತ್ತು, ಅದು ಗಂಟಲಲ್ಲೇ ಒಡೆದು, ಸೊಪ್ಪಿನವಳು "ಏನಮ್ಮಾ?" ಎಂದು ಮತ್ತೆ ಕೇಳುತ್ತಿದ್ದಳು.

ಜುಲೈ ತಿಂಗಳ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಯಾರ್ರೀ ಮಾತಾಡೋದು? ಓನರ್‌ಗೆ ಕೊಡಿ."

"ನಾನೇ ಓನರ್."

ಆ ಕಡೆಯ ಹೆಂಗಸು ದನಿ ಏರಿಸಿದಳು. "ಅಂಗಾದ್ರೆ ನೀವೇ ಯೋಳಿ. ತೋಳು ಇಂಗೆ ನಡುಗಿದ್ರೆ ನಾನು ಡ್ರೋನ್ ಮ್ಯಾಲಕ್ಕೆ ಎಂಗೆ ಬಿಡ್ಲಿ? ಕಂಪ್ನಿಯೋರು ಎರಡು ವಾರ ಕಾಯಿ ಅಂತಾರೆ. ಉಳ ಕಾಯ್ತದಾ?"

ಅವಳ ಹೆಸರು ರಾಧಾಮಣಿ. ಗೌರಿಬಿದನೂರಿನ ಆಚೆಯ ಹಳ್ಳಿಯವಳು. ಅವಳ ಮಹಿಳಾ ಸಂಘಕ್ಕೆ ಒಂದು ಡ್ರೋನು ಬಂದಿತ್ತು, ಹಾರಿಸುವ ತರಬೇತಿ ಪಡೆದವಳು ಅವಳೊಬ್ಬಳೇ. ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದು ಊರಿನವರೆಲ್ಲ ಅವಳ ಮನೆ ಮುಂದೆ ನಿಂತಿದ್ದರು. ಬಿಡಿಭಾಗದ ಕವರ್ ಮೇಲೆ ಶೆಡ್ಡಿನ ನಂಬರು ಕಂಡು ಫೋನು ಮಾಡಿದ್ದಳು.

ಸರಳಾ ವಿಡಿಯೋದಲ್ಲಿ ತೋರಿಸಲು ಹೇಳಿದಳು. ರಾಧಾಮಣಿಯ ಕೈ ತೋಳನ್ನು ಹಿಡಿದು ಅಲ್ಲಾಡಿಸಿತು. ಔಷಧಿ ಪುಡಿಯೂ ಮಣ್ಣೂ ಸೇರಿ ಕೀಲಿನ ತೂತು ಸವೆದಿತ್ತು. ತೂತನ್ನು ಒಂಚೂರು ದೊಡ್ಡದು ಮಾಡಿ ದಪ್ಪ ಪಿನ್ನು ಹಾಕಿದರೆ ಸರಿಹೋಗುತ್ತದೆ. ಆದರೆ ಎಷ್ಟು ದಪ್ಪ ಎಂಬುದನ್ನು ಫೋನಿನಲ್ಲಿ ಅಳೆಯಲಾಗುವುದಿಲ್ಲ.

"ನಾಳೆ ನಾನೇ ಬರ್ತೀನಿ" ಎಂದಳು ಸರಳಾ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಸಂಜೆಯೊಳಗೆ ಒಂದಕ್ಕಿಂತ ಒಂದು ಎಳೆಯಷ್ಟು ದಪ್ಪವಾದ ಕೆಲವು ಪಿನ್ನುಗಳನ್ನು ಕಡೆದಿಟ್ಟಳು. ಬೆಳಿಗ್ಗೆ ಯಲಹಂಕದಲ್ಲಿ ರೈಲು ಹತ್ತಿದಳು. ರಾಧಾಮಣಿ ಗೌರಿಬಿದನೂರು ಸ್ಟೇಷನ್ನಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅಗಲ ಮುಖದ, ಸರಳಾಳದ್ದೇ ವಯಸ್ಸಿನ ಹೆಂಗಸು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಿದ್ದಳು.

"ದೊಡ್ಡ ಎಂಜಿನಿಯರಮ್ಮ ಬರ್ತಾಳೆ ಅಂದ್ಕೊಂಡಿದ್ದೆ" ಎಂದು ನಕ್ಕಳು. "ನೀವು ನಮ್ಮಂಗೇ ಇದೀರಾ."

ಹೊಲದ ಬದುವಿನಲ್ಲಿ ಕೂತು ಸರಳಾ ಕೀಲು ಬಿಚ್ಚಿದಳು. ಕೈಯಲ್ಲೇ ತಿರುಗಿಸುವ ರೀಮರ್‌ನಿಂದ ತೂತನ್ನು ಸವರಿ, ಪಿನ್ನುಗಳನ್ನು ಒಂದೊಂದಾಗಿ ಹಾಕಿ ನೋಡಿದಳು. ಮೂರನೆಯದು ಬಿಗಿಯಾಗಿ, ಆದರೆ ಹಟ ಮಾಡದೆ ಒಳಗೆ ಕೂತಿತು. ತೋಳು ಬಿಡಿಸಿ ಅಲ್ಲಾಡಿಸಿದರೆ ಸದ್ದಿಲ್ಲ. ರಾಧಾಮಣಿ ಟ್ಯಾಂಕು ತುಂಬಿ ಡ್ರೋನನ್ನು ಮೇಲಕ್ಕೆ ಬಿಟ್ಟಳು.

ಸರಳಾ ಅದು ಹಾರುವುದನ್ನು ಎಂದೂ ನೋಡಿರಲಿಲ್ಲ. ಏರ್‌ಪೋರ್ಟ್ ಹತ್ತಿರವಾದ್ದರಿಂದ ಚಿಕ್ಕಜಾಲದ ಸುತ್ತ ಡ್ರೋನ್ ಹಾರಿಸುವಂತಿಲ್ಲ. ಶಿವರಾಮನೂ ನೋಡಿರಲಿಲ್ಲ. ಅಷ್ಟು ವರ್ಷ ಕೀಲು ಮಾಡಿ ಮಾಡಿ ಡಬ್ಬಕ್ಕೆ ತುಂಬಿದವನು, ಅದು ಹೊಲದ ಮೇಲೆ ಹೀಗೆ ಓಡುವುದನ್ನು ಕಾಣದೆಯೇ ಹೋದ. ಜೋಳದ ಗರಿಗಳು ಗಾಳಿಗೆ ಬಾಗುತ್ತಿದ್ದವು, ಔಷಧಿಯ ಹನಿಗಳು ಹೊಗೆಯಂತೆ ಇಳಿಯುತ್ತಿದ್ದವು. ಪಕ್ಕಕ್ಕೆ ತಿರುಗಿ "ನೋಡಿ" ಅನ್ನಬೇಕೆನಿಸಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ರಾಧಾಮಣಿ ದೂರದಲ್ಲಿ ರಿಮೋಟ್ ಹಿಡಿದು ಆಕಾಶ ನೋಡುತ್ತಿದ್ದಳು.

ಮಧ್ಯಾಹ್ನ ರಾಧಾಮಣಿಯ ಮನೆಯಲ್ಲಿ ಮುದ್ದೆ, ಬಸ್ಸಾರು. ಎರಡನೆಯ ಮುದ್ದೆ ಬೇಡವೆಂದರೂ ತಟ್ಟೆಗೆ ಹಾಕುತ್ತ ಅವಳು ಕೇಳಿದಳು, "ಮನೇಲಿ ಯಾರ್ಯಾರು ಇದೀರಾ?"

"ಯಾರೂ ಇಲ್ಲ" ಎಂದಳು ಸರಳಾ.

ರಾಧಾಮಣಿ ಅಯ್ಯೋ ಪಾಪ ಅನ್ನಲಿಲ್ಲ. "ಸಾರು ಇನ್ನೊಂಚೂರು ಬಿಟ್ಕೊಳ್ಳಿ ಸರಳಕ್ಕ" ಅಂದಳು.

ಅಂದಿನಿಂದ ಫೋನು ಶುರುವಾಯಿತು. ಮಡಚುವ ಮುಂಚೆ ಕೀಲನ್ನು ತೊಳೆದು ಒರೆಸಬೇಕೆಂದು ಸರಳಾ ಹೇಳಿ ಬಂದಿದ್ದಳು. ಸಂಜೆ ಡ್ರೋನು ತೊಳೆದ ಮೇಲೆ ರಾಧಾಮಣಿ ಫೋನು ಮಾಡಿ "ಒರೆಸ್ದೆ ಕಣಕ್ಕ, ಗಟ್ಟಿಯಾಗೈತೆ" ಅನ್ನುವಳು. ಆಮೇಲೆ ಹಸು ಒದ್ದದ್ದು, ಗಂಡ ಟ್ರ್ಯಾಕ್ಟರ್ ಬಾಡಿಗೆಗೆ ಹೋದವನು ಮೂರು ದಿನವಾದರೂ ಬಾರದ್ದು. ಸರಳಾ ಮೊದಮೊದಲು ಹೂಂಗುಟ್ಟುತ್ತಿದ್ದಳು. ಬರಬರುತ್ತ ಅವಳೂ ಹೇಳತೊಡಗಿದಳು. ಶಿವರಾಮ್ ಟೀ ಆರಲಿ ಅಂತ ಮೆಷಿನ್ನಿನ ಮೇಲಿಟ್ಟು ಕುಡಿಯುವುದನ್ನೇ ಮರೆಯುತ್ತಿದ್ದ, ಸಂಜೆಗೆ ನಾಲ್ಕು ತುಂಬಿದ ಲೋಟ ಸಿಗುತ್ತಿತ್ತು ಎಂದಾಗ ರಾಧಾಮಣಿ ಬಿದ್ದು ಬಿದ್ದು ನಕ್ಕಳು. ಅವನನ್ನು ನೆನೆದು ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ದೀಪಾವಳಿ ಕಳೆದ ಮೇಲೆ ಫೋನು ನಿಂತಿತು. ಬೆಳೆ ಕಟಾವಾಗಿರಬೇಕು, ಔಷಧಿ ಕೆಲಸವಿಲ್ಲ ಅಂದುಕೊಂಡಳು ಸರಳಾ. ಸಂಜೆ ಹೊತ್ತು ಫೋನನ್ನು ಎದುರಿಗಿಟ್ಟುಕೊಂಡು ಅಡುಗೆ ಮಾಡುತ್ತಿದ್ದಳು. ಕೊನೆಗೆ ತಾನೇ ಮಾಡಿದಳು. ಎತ್ತಿದ್ದು ಒಬ್ಬ ಗಂಡಸು.

"ಇದು ಸಂಘದ ಫೋನ್ ಮೇಡಂ. ನಾನು ಕಾಶಿನಾಥ. ಈಗ ಡ್ರೋನ್ ನಾನೇ ನೋಡ್ಕೊಳ್ಳೋದು."

"ರಾಧಾಮಣಿ?"

"ಅವ್ರು ಬಿಟ್ಟುಬಿಟ್ರು. ಏನು, ಪಾರ್ಟ್ಸ್ ವಿಷ್ಯಾನಾ?"

ಸರಳಾ "ಹೂಂ" ಅಂದಳು. ಅಲ್ಲ ಎಂದರೆ ಮತ್ತೇನು ಎಂದು ಅವನು ಕೇಳಿಯಾನು. ಫೋನಿನಲ್ಲಿ ರಾಧಾಮಣಿ ಎಂದು ಬರೆದಿಟ್ಟಿದ್ದ ನಂಬರು ರಾಧಾಮಣಿಯದಾಗಿರಲೇ ಇಲ್ಲ. ಆ ರಾತ್ರಿ ಅನ್ನಕ್ಕಿಟ್ಟವಳು ಒಲೆ ಆರಿಸಿ ಹಾಗೇ ಮಲಗಿದಳು.

ಭಾನುವಾರ ಮತ್ತೆ ರೈಲು ಹತ್ತಿದಳು. ಈ ಸಲ ಸ್ಟೇಷನ್ನಿನ ಹೊರಗೆ ಯಾರೂ ಇರಲಿಲ್ಲ. ಆಟೋ ಹಿಡಿದು ಹೋದಳು. ರಾಧಾಮಣಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮುಖ ಇಳಿದಿತ್ತು. ಸರಳಾಳನ್ನು ಕಂಡು ಎದ್ದವಳಿಗೆ ಕೆಮ್ಮು ಬಂತು.

ಔಷಧಿಯ ಗಾಳಿ ಕುಡಿದು ಕುಡಿದು ಉಸಿರಾಟಕ್ಕೆ ತೊಂದರೆಯಾಗಿದೆ, ಇನ್ನು ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಸಂಘದಲ್ಲಿ ಬೇರೆ ಯಾರಿಗೂ ಹಾರಿಸಲು ಬಾರದ್ದರಿಂದ, ಈಚೆಗೆ ತರಬೇತಿ ಮುಗಿಸಿ ಬಂದಿದ್ದ ಊರಿನ ಕಾಶಿನಾಥನಿಗೆ ಡ್ರೋನನ್ನು ವಹಿಸಿದ್ದರು. "ಅದು ಮ್ಯಾಲೆ ಓಗೋವಾಗ ಜನ ಎಲ್ಲ ನನ್ನೇ ನೋಡೋರು ಸರಳಕ್ಕ" ಅಂದಳು ರಾಧಾಮಣಿ. "ಈಗ ಸದ್ದು ಕೇಳಿದ್ರೆ ಒಳಕ್ಕೋಗಿ ಬಾಗ್ಲು ಆಕ್ಕೊತೀನಿ."

"ನಂಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಡ್ರೋನೇ ಕೈಯಾಗಿಲ್ಲ. ನೀವು ಕೆಲ್ಸ ಇರೋರು. ಏನಂತ ಮಾಡ್ಲಿ?"

"ಅವರೆಕಾಯಿ ಬಿಡಿಸ್ತಿದೀನಿ ಅಂತ ಮಾಡಿ" ಎಂದಳು ಸರಳಾ. ಅವಳ ದನಿ ಜೋರಾಗಿಬಿಟ್ಟಿತು. ಅಂಗಳದಲ್ಲಿದ್ದ ಕೋಳಿಗಳು ಬೆದರಿ ಸರಿದವು.

ರಾಧಾಮಣಿ ಅವಳನ್ನೇ ನೋಡಿದಳು. ಆಮೇಲೆ ಮೊರವನ್ನು ನಡುವಿಗೆ ಸರಿಸಿದಳು. ಇಬ್ಬರೂ ಕಾಯಿ ಬಿಡಿಸುತ್ತ ಕೂತರು. ಬೆರಳಿಗೆಲ್ಲ ಸೊಗಡು ಹತ್ತಿತು. ಶೆಡ್ಡಿಗೆ ಬಂದು ಜೊತೆಗಿರಿ ಎಂದು ಕರೆಯೋಣವೆಂದು ಸರಳಾಳಿಗೆ ಅನ್ನಿಸಿತು. ಆದರೆ ಕೊಟ್ಟಿಗೆಯಲ್ಲಿ ಹಸು ಕೂಗಿತು, ರಾಧಾಮಣಿ ಎದ್ದು ಹೋದಳು, ಕರೆಯುವುದು ಹಾಗೇ ಉಳಿಯಿತು.

ಹೊರಡುವಾಗ ರಾಧಾಮಣಿ ಗಂಡನ ನಂಬರು ಕೊಟ್ಟಳು. "ಅವ್ರು ಮಧ್ಯಾಹ್ನ ಉಣ್ಣಕ್ಕೆ ಬಂದಾಗ ಫೋನು ನನ್ನ ತಾವ ಇರ್ತದೆ. ಆವಾಗ ಮಾಡಿ." ಒಂದು ಚೀಲ ಅವರೆಕಾಯಿಯನ್ನೂ ಕೊಟ್ಟಳು. ರೈಲಿನಲ್ಲಿ ಸರಳಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಯಲಹಂಕದವರೆಗೂ ಕಿಟಕಿಯಾಚೆ ನೋಡುತ್ತ ಬಂದಳು.

ಮರುದಿನ ಊಟದ ಹೊತ್ತಿಗೆ ಮೆಷಿನ್ನು ನಿಲ್ಲಿಸಿ ಆ ನಂಬರಿಗೆ ಫೋನು ಮಾಡಿದಳು. ಕೊನೆಯವರೆಗೂ ರಿಂಗಾಗಿ ನಿಂತಿತು. ಗಂಡ ಇವತ್ತು ಊಟಕ್ಕೆ ಬಂದಿಲ್ಲವೇನೋ. ಸರಳಾ ಡಬ್ಬಿ ಬಿಚ್ಚಿ ಅವರೆಕಾಳು ಸಾರು ಕಲಸಿಕೊಂಡು ನಿಧಾನವಾಗಿ ಉಂಡಳು. ನಾಳೆ ಮತ್ತೆ ಮಾಡಿದರಾಯಿತು ಎಂದುಕೊಂಡು ಕೈ ತೊಳೆದು, ಹೊಸ ಬಿಲ್ಲೆಯನ್ನು ವೈಸ್‌ಗೆ ಕಚ್ಚಿಸಿದಳು.